ವಾಸನೆ ಕಣ್ಣಿಗೆ ಕಾಣುತ್ತದೆಯೇ?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿನ್ನೆ ಸಂಜೆ ಹೊಸದುರ್ಗದಿಂದ ಬಸ್ಸಿಳಿದು ನಡೆದು ಬರುವಾಗ ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಕರೆದು ಮಾತಾಡಿಸಿದರು. ಕುರಿ ಕಾಯ್ದು ಬದುಕಿದವರು. "ನಾಳೆ ಏನೋ ಭಾಷಣ ಮಾಡ್ತೀಯಂತಲ್ಲಪ್ಪ, ಯಾತರ ಮ್ಯಾಲೆ?" ಅಂದರು. "ಪ್ರಾಣಿಗಳ ಮೆದುಳು ವಾಸನೇನ ಹೆಂಗೆ ಗುರುತು ಹಿಡೀತದೆ ಅಂತ ಬೆಳಕು ಬಿಟ್ಟು ನೋಡ್ತಾರೆ ತಾತ, ಅದರ ಮ್ಯಾಲೆ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು ಪ್ರಶ್ನೆ ಕೇಳಿದರು. "ವಾಸನೆ ಕಣ್ಣಿಗೆ ಕಾಣ್ತದಾ?" ಇದು ಮೊದಲನೆಯದು. ಎರಡನೆಯದು, "ಅದಕ್ಕೆ ಪ್ರಾಣಿ ತಲೆ ಕೊಯ್ಯಬೇಕೇನೋ?"

ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯಿತು. ನಾನು ಬರೆದುಕೊಂಡು ಬಂದಿದ್ದ ಭಾಷಣದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಇತ್ತು. ಎರಡನೆಯದಕ್ಕೆ ಇರಲಿಲ್ಲ, ಅದನ್ನು ನಾನು ಜಾಣತನದಿಂದ ದಾಟಿಕೊಂಡು ಹೋಗಿದ್ದೆ. ಹಾಗಾಗಿ ಆ ಹಾಳೆಗಳನ್ನು ಜೇಬಿನಲ್ಲೇ ಇಟ್ಟುಕೊಂಡು, ತಾತನ ಎರಡು ಪ್ರಶ್ನೆಗಳಿಗೆ ಮಾತ್ರ ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ದೊಡ್ಡ ವಿಜ್ಞಾನಿಯಲ್ಲ. ಲ್ಯಾಬಿನಲ್ಲಿ ಲೇಸರ್, ಮಸೂರ, ಕನ್ನಡಿಗಳನ್ನು ಜೋಡಿಸಿ ಬೆಳಕು ಎಲ್ಲಿ ಬೀಳಬೇಕೋ ಅಲ್ಲಿ ಬೀಳುವ ಹಾಗೆ ಮಾಡುವುದು ನನ್ನ ಕೆಲಸ. ಬಾವಿ ತೋಡಿದವರು ಬೇರೆ, ನಾನು ರಾಟೆಗೆ ಎಣ್ಣೆ ಬಿಡುವವನು.

ಮೊದಲು ವಾಸನೆ ಅಂದರೇನು ಅನ್ನುವುದನ್ನು ನೋಡೋಣ. ನಮ್ಮದು ಬಯಲುಸೀಮೆ. ಏಪ್ರಿಲ್ ಕೊನೆಗೆ ನೆಲ ಕಾದು ಬಾಣಲೆ ಆಗಿರುವಾಗ ಮೊದಲ ಮಳೆಯ ನಾಲ್ಕು ಹನಿ ಬಿದ್ದರೆ ಏಳುವ ಆ ಮಣ್ಣಿನ ವಾಸನೆ ನಿಮಗೆಲ್ಲ ಗೊತ್ತು. ಅದರಲ್ಲಿರುವ ಒಂದು ಮುಖ್ಯ ವಸ್ತುವಿನ ಹೆಸರು ಜಿಯೋಸ್ಮಿನ್. ಮಣ್ಣಿನಲ್ಲಿ ಬದುಕುವ ಸ್ಟ್ರೆಪ್ಟೋಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಹನಿ ಬಿದ್ದ ಏಟಿಗೆ ಅದು ಗಾಳಿಗೆ ಚಿಮ್ಮುತ್ತದೆ. ನೀರಿನ ಲಕ್ಷ ಕೋಟಿ ಭಾಗದಲ್ಲಿ ಐದೋ ಹತ್ತೋ ಭಾಗದಷ್ಟು ಅದು ಸೇರಿದ್ದರೂ ಮನುಷ್ಯನ ಮೂಗು ಹಿಡಿದುಬಿಡುತ್ತದೆ. ಅಂದರೆ ವಾಸನೆ ಎಂಬುದು ಗಾಳಿಯಲ್ಲಿ ತೇಲಿ ಬರುವ ವಸ್ತುವಿನ ಅಣು. ಅದು ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ತಾತನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು: ವಾಸನೆ ಕಾಣುವುದಿಲ್ಲ. ಆದರೆ ಆ ಅಣು ಮೂಗಿಗೆ ತಾಗಿದಾಗ ಮೆದುಳಿನಲ್ಲಿ ಏಳುವ ಗದ್ದಲವನ್ನು ಕಾಣಬಹುದು. ಉಳಿದರ್ಧ ಅದು.

ಆ ಗದ್ದಲ ಹೇಗಿರುತ್ತದೆ? ಮಕ್ಕಳೇ, ನಿಮ್ಮ ಬೆಳಗಿನ ಪ್ರಾರ್ಥನೆಯನ್ನು ನೆನಪಿಸಿಕೊಳ್ಳಿ. ಗಂಟೆ ಹೊಡೆಯುವ ಮೊದಲು ಎಂಟನೇ ತರಗತಿ, ಒಂಬತ್ತನೇ ತರಗತಿ, ಹತ್ತನೇ ತರಗತಿಯವರು ಮೈದಾನದ ತುಂಬ ಕಲಸಿಹೋಗಿರುತ್ತೀರಿ. ಗಂಟೆ ಹೊಡೆದ ತಕ್ಷಣ ಎಲ್ಲರೂ ಓಡಿ ತಮ್ಮ ತಮ್ಮ ತರಗತಿಯ ಸಾಲಿಗೆ ಸೇರುತ್ತೀರಿ. ಮೂಗಿನೊಳಗೂ ಹೀಗೇ. ಮೂಗಿನ ಒಳಪೊರೆಯಲ್ಲಿ ಲಕ್ಷಾಂತರ ನರಕೋಶಗಳಿವೆ. ಒಂದೊಂದು ನರಕೋಶದ ಮೇಲೂ ಒಂದೊಂದೇ ಬಗೆಯ ಗ್ರಾಹಕ ಇರುತ್ತದೆ, ಬೀಗದ ಬಾಯಿಯ ಹಾಗೆ. ಈ ಗ್ರಾಹಕಗಳ ಜೀನ್‌ಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅಮೆರಿಕದಲ್ಲಿ 1991ರಲ್ಲಿ ಕಂಡುಹಿಡಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಇಲಿಗೆ ಸುಮಾರು 1000 ಬಗೆಯ ಗ್ರಾಹಕಗಳಿವೆ, ನಾಯಿಗೆ ಸುಮಾರು 800, ನಮಗೆ 400ರ ಆಸುಪಾಸು. ಒಂದೇ ಬಗೆಯ ಗ್ರಾಹಕ ಇರುವ ಕೋಶಗಳು ಮೂಗಿನಲ್ಲಿ ಎಲ್ಲೆಲ್ಲೋ ಚದುರಿದ್ದರೂ ಅವುಗಳ ಎಳೆಗಳೆಲ್ಲ ಮೆದುಳಿನ ಮುಂಭಾಗದ ಒಂದೇ ಜಾಗಕ್ಕೆ ಬಂದು ಗಂಟಾಗುತ್ತವೆ. ಆ ಗಂಟಿಗೆ ಗ್ಲೊಮೆರುಲಸ್ ಎಂದು ಹೆಸರು. ಈ ಗಂಟುಗಳೆಲ್ಲ ಕೂಡಿರುವ ಭಾಗ ಘ್ರಾಣ ಗಡ್ಡೆ. ಗಡ್ಡೆ ಎಂದರೆ ಈರುಳ್ಳಿ ಗಡ್ಡೆ ಅಂತೀವಲ್ಲ, ಅದೇ ಅರ್ಥದ ಗಡ್ಡೆ. ಆಕಾರವೂ ಹೆಚ್ಚುಕಡಿಮೆ ಹಾಗೇ.

ಒಂದು ವಾಸನೆ ಬಂದರೆ ಕೆಲವು ಸಾಲಿನವರು ಜೋರಾಗಿ ಕೈ ಎತ್ತುತ್ತಾರೆ, ಕೆಲವರು ಅರ್ಧ ಎತ್ತುತ್ತಾರೆ, ಕೆಲವರು ಎತ್ತುವುದೇ ಇಲ್ಲ. ಬಾಳೆಹಣ್ಣಿಗೆ ಒಂದು ಚಿತ್ತಾರ, ಬೆಳ್ಳುಳ್ಳಿಗೆ ಇನ್ನೊಂದು. ಮೆದುಳು ಓದುವುದು ಈ ಚಿತ್ತಾರವನ್ನು. ಅದಕ್ಕೇ ಕೆಲವೇ ನೂರು ಗ್ರಾಹಕಗಳಿಂದ ಲೆಕ್ಕವಿಲ್ಲದಷ್ಟು ವಾಸನೆಗಳನ್ನು ಬೇರ್ಪಡಿಸಲು ಆಗುತ್ತದೆ. ನಮ್ಮ ಐವತ್ತು ಅಕ್ಷರದಲ್ಲಿ ಎಷ್ಟು ಮಾತು ಬರೆಯಬಹುದೋ ಹಾಗೆ.

ಈ ಚಿತ್ತಾರವನ್ನು ಕಣ್ಣಾರೆ ನೋಡುವ ಆಸೆಯ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಅದನ್ನು ಹೇಳದೆ ಮುಂದೆ ಹೋಗುವುದಿಲ್ಲ. ಒಬೈದ್ ಸಿದ್ದಿಕಿ ಎಂಬ ವಿಜ್ಞಾನಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಹಣ್ಣಿನ ನೊಣದ ರುಚಿ ಮತ್ತು ವಾಸನೆಯ ಅಧ್ಯಯನ ಶುರು ಮಾಡಿದರು. ಮಾಗಿದ ಬಾಳೆಹಣ್ಣಿನ ಮೇಲೆ ಗುಂಯ್ ಅಂತ ಕೂರುತ್ತವಲ್ಲ, ಆ ಸಣ್ಣ ನೊಣಗಳು. ನಗಬೇಡಿ. ಆ ನೊಣದ ವಾಸನೆಯ ಗಂಟುಗಳು ಸುಮಾರು 50 ಮಾತ್ರ, ಎಣಿಸಿ ಮುಗಿಸಬಹುದು. ಇಲಿಯಲ್ಲಾದರೆ ಒಂದು ಗಡ್ಡೆಯಲ್ಲೇ ಸುಮಾರು 2000. ಅವರ ಶಿಷ್ಯೆ ವೆರೋನಿಕಾ ರೊಡ್ರಿಗ್ಸ್. ಕೀನ್ಯಾದಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಓದಿ, ಸಿದ್ದಿಕಿಯವರ ಕೆಲಸದ ಬಗ್ಗೆ ತಿಳಿದು ಭಾರತಕ್ಕೆ ಬಂದು ಇಲ್ಲಿಯವರೇ ಆಗಿಹೋದರು. ದುಡಿಯುವ ನರಕೋಶ ಹೆಚ್ಚು ಸಕ್ಕರೆ ತಿನ್ನುತ್ತದೆ. ಹಾಗಾಗಿ ವಿಕಿರಣ ಸೂಸುವ ಸಕ್ಕರೆಯನ್ನು ನೊಣದ ಮೈಗೆ ಸೇರಿಸಿ ವಾಸನೆ ತೋರಿಸಿದರೆ, ಯಾವ ಗಂಟು ದುಡಿಯಿತೋ ಅಲ್ಲಿ ಆ ಸಕ್ಕರೆ ಉಳಿಯುತ್ತದೆ. 1988ರಲ್ಲಿ ರೊಡ್ರಿಗ್ಸ್ ಈ ದಾರಿಯಲ್ಲಿ ಬೇರೆ ಬೇರೆ ವಾಸನೆಗೆ ನೊಣದ ಮೆದುಳಿನ ಬೇರೆ ಬೇರೆ ಜಾಗ ದುಡಿಯುತ್ತದೆ ಎಂದು ತೋರಿಸಿದರು. ಗ್ರಾಹಕಗಳ ಜೀನ್ ಇನ್ನೂ ಸಿಕ್ಕಿರಲಿಲ್ಲ, ನೆನಪಿಡಿ. ಮುಂದೆ ಸಿದ್ದಿಕಿಯವರು ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ರೊಡ್ರಿಗ್ಸ್ ಕೂಡ ಅಲ್ಲಿಗೆ ಬಂದರು. 2010ರಲ್ಲಿ ಅವರು, 2013ರಲ್ಲಿ ಸಿದ್ದಿಕಿಯವರು ತೀರಿಕೊಂಡರು.

ಆದರೆ ಆ ವಿಧಾನದಲ್ಲಿ ಒಂದು ಕೊರತೆ ಇತ್ತು. ಚಿತ್ರ ನೋಡಬೇಕಾದರೆ ನೊಣ ಸಾಯಲೇಬೇಕು. ಅದರ ಮೆದುಳನ್ನು ತೆಳ್ಳಗೆ ಹೆಚ್ಚಿ ಫಿಲ್ಮಿನ ಮೇಲೆ ಇಡಬೇಕು. ಒಂದು ಪ್ರಾಣಿಯಿಂದ ಒಂದೇ ಚಿತ್ರ. ಬದುಕಿರುವ ಪ್ರಾಣಿಯಲ್ಲಿ, ಈಗ ಈ ವಾಸನೆ, ಐದು ನಿಮಿಷ ಬಿಟ್ಟು ಇನ್ನೊಂದು ಎಂದು ನೋಡಬೇಕಾದರೆ ಬೆಳಕೇ ಬೇಕಾಯಿತು.

ಬೆಳಕಿನಿಂದ ಮೆದುಳು ಹೇಗೆ ಕಾಣುತ್ತದೆ? ಇದನ್ನು ಹತ್ತು ವರ್ಷದ ಹಿಂದೆ ನಮ್ಮೂರಲ್ಲಿ ವಿವರಿಸುವುದು ಕಷ್ಟವಾಗುತ್ತಿತ್ತು. ಕೊರೊನಾ ಬಂದ ಮೇಲೆ ಸುಲಭವಾಗಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದು ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನೆನಪಿದೆಯಲ್ಲ? ಚಿಮ್ಮಟದ ಹಾಗೆ ಕಚ್ಚಿಕೊಳ್ಳುವ ಪುಟ್ಟ ಡಬ್ಬಿ. ಅದರ ಒಂದು ಕಡೆಯಿಂದ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹೊರಟು ಬೆರಳನ್ನು ದಾಟಿ ಇನ್ನೊಂದು ಕಡೆ ಬರುತ್ತದೆ. ಆಮ್ಲಜನಕ ತುಂಬಿದ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಆಮ್ಲಜನಕ ಖಾಲಿಯಾದ ರಕ್ತ ಹೆಚ್ಚು ಹೀರುತ್ತದೆ. ಆ ವ್ಯತ್ಯಾಸದಿಂದ ಲೆಕ್ಕ ಹಾಕಿ 97, 98 ಎಂದು ತೋರಿಸುತ್ತದೆ. ಜಪಾನಿನ ತಕುವೊ ಅಓಯಾಗಿ ಎಂಬ ಇಂಜಿನಿಯರ್ 1970ರ ದಶಕದಲ್ಲಿ ಯೋಚಿಸಿದ ಉಪಾಯ ಅದು. ಒಂದು ಹನಿ ರಕ್ತ ತೆಗೆಯದೆ, ಸೂಜಿ ಚುಚ್ಚದೆ ರಕ್ತದ ಸಮಾಚಾರ ತಿಳಿಯಿತು.

ಮೆದುಳಿನಲ್ಲೂ ಇದೇ ಲೆಕ್ಕ. ಯಾವ ಜಾಗ ದುಡಿಯುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಅಲ್ಲಿನ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ. ನಮ್ಮ ಕಣ್ಣಿಗೆ ತಿಳಿಯದು, ಒಳ್ಳೆಯ ಕ್ಯಾಮೆರಾಕ್ಕೆ ತಿಳಿಯುತ್ತದೆ. ಅಮಿರಂ ಗ್ರಿನ್‌ವಾಲ್ಡ್ ಮತ್ತು ಜೊತೆಗಾರರು 1986ರಲ್ಲಿ ನೋಟಕ್ಕೆ ಸಂಬಂಧಿಸಿದ ಮೆದುಳಿನ ಭಾಗದಲ್ಲಿ ಇದನ್ನು ತೋರಿಸಿದರು. 1999ರಲ್ಲಿ ರೂಬಿನ್ ಮತ್ತು ಕಾಟ್ಜ್ ಇಲಿಯ ಘ್ರಾಣ ಗಡ್ಡೆಯ ಮೇಲೆ ಕೆಂಪು ಬೆಳಕು ಬಿಟ್ಟು, ಒಂದೊಂದು ವಾಸನೆಗೆ ಯಾವ ಯಾವ ಗಂಟು ಕೈ ಎತ್ತುತ್ತದೆ ಎಂದು ಚಿತ್ರ ತೆಗೆದರು. ನಕ್ಷತ್ರದ ಹಾಗೆ ಚುಕ್ಕಿ ಚುಕ್ಕಿ. ಅಂಥ ಚಿತ್ರವನ್ನು ಮೊದಲ ಸಲ ಕಂಪ್ಯೂಟರ್ ಪರದೆಯ ಮೇಲೆ ನೋಡಿದಾಗ ನನಗೆ ಜೋಗಿಮಟ್ಟಿಯ ಮೇಲೆ ನಿಂತು ರಾತ್ರಿ ಚಿತ್ರದುರ್ಗ ಪೇಟೆಯ ದೀಪಗಳನ್ನು ನೋಡಿದ ಹಾಗಾಯಿತು.

ಇನ್ನೊಂದು ದಾರಿ ಸಮುದ್ರದಿಂದ ಬಂತು. ಒಸಾಮು ಶಿಮೊಮುರಾ ಎಂಬ ಜಪಾನಿನ ವಿಜ್ಞಾನಿ 1962ರಲ್ಲಿ ಒಂದು ಜಾತಿಯ ಅಂಬಲಿ ಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಕಂಡರು. ಅದಕ್ಕೆ ಸಂಬಂಧಿಸಿದ ಕೆಲಸಕ್ಕೆ 2008ರ ನೊಬೆಲ್ ಮೂವರಿಗೆ ಬಂತು. ನರಕೋಶ ಕೆಲಸ ಮಾಡುವಾಗ ಅದರೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಕ್ಯಾಲ್ಸಿಯಂ ಬಂದಾಗ ಮಾತ್ರ ಜೋರಾಗಿ ಹೊಳೆಯುವಂತೆ ಆ ಪ್ರೋಟೀನನ್ನು ಮಾರ್ಪಡಿಸಿದ್ದು 2001ರಲ್ಲಿ, ಜಪಾನಿನಲ್ಲೇ, ಜುನಿಚಿ ನಕಾಯ್ ಅವರ ತಂಡ. ಅದರ ಜೀನನ್ನು ನೊಣಕ್ಕೋ ಇಲಿಗೋ ಸೇರಿಸಿದರೆ, ವಾಸನೆ ಬಂದಾಗ ಅದರ ನರಕೋಶಗಳು ತಾವಾಗಿ ಮಿಣುಕುತ್ತವೆ, ಮಿಂಚುಹುಳುಗಳ ಹಾಗೆ. ತುಂಬೆಗಿಡದ ಮೇಲೆ ಕೂರುವ ಜೇನಿಗೂ ಇಂಥ ಚಿತ್ರ ತೆಗೆದಿದ್ದಾರೆ. 1997ರಲ್ಲಿ ಬರ್ಲಿನ್ನಿನ ರಾಂಡಾಲ್ಫ್ ಮೆಂಜೆಲ್ ಅವರ ತಂಡ ಕ್ಯಾಲ್ಸಿಯಂಗೆ ಹೊಳೆಯುವ ಬಣ್ಣ ಬಳಸಿ ಸಾಕುಜೇನಿನ ಮೆದುಳಿನಲ್ಲಿ ವಾಸನೆಯ ಚಿತ್ತಾರವನ್ನು ತೋರಿಸಿತು. ಒಂದು ಜೇನುಹುಳಕ್ಕೆ ಯಾವ ಚಿತ್ತಾರವೋ ಅದೇ ವಾಸನೆಗೆ ಅದೇ ಜಾತಿಯ ಇನ್ನೊಂದಕ್ಕೂ ಅದೇ ಚಿತ್ತಾರ ಎಂಬುದು ಆಮೇಲೆ ತಿಳಿಯಿತು.

ಈಗ ಮಳೆಯ ವಾಸನೆಗೆ ವಾಪಸು ಬರುತ್ತೇನೆ. ಹಣ್ಣಿನ ನೊಣಕ್ಕೆ ಬೇರೆ ಬೇರೆ ವಾಸನೆ ಹಿಡಿದರೆ ಸಾಮಾನ್ಯವಾಗಿ ಹಲವು ಗಂಟುಗಳು ಬೆಳಗುತ್ತವೆ. ಜಿಯೋಸ್ಮಿನ್ ಹಿಡಿದರೆ ಒಂದೇ ಒಂದು ಗಂಟು ಬೆಳಗುತ್ತದೆ. ಆ ಒಂದು ಗಂಟು ಬೆಳಗಿದರೆ ನೊಣ ಆ ಕಡೆ ಸುಳಿಯುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಯಾಕೆಂದರೆ ಕೊಳೆತು ಬೂಷ್ಟು ಹಿಡಿದ ಹಣ್ಣಿನಲ್ಲೂ ಅದೇ ವಾಸನೆ ಇರುತ್ತದೆ, ತಿಂದರೆ ವಿಷ. ಅದಕ್ಕೆಂದೇ ಮೀಸಲಾದ ಒಂದು ತಂತಿ ಅದರ ತಲೆಯಲ್ಲಿದೆ. 2012ರಲ್ಲಿ ಸ್ವೀಡನ್ ಮತ್ತು ಜರ್ಮನಿಯ ಸಂಶೋಧಕರು ಇದನ್ನು ತೋರಿಸಿದರು. ನಮಗೆ ಅಂಗಳಕ್ಕೆ ಬಂದು ನಿಲ್ಲುವಷ್ಟು ಪ್ರೀತಿಯ ವಾಸನೆ ನೊಣಕ್ಕೆ ಓಡಿಹೋಗು ಎನ್ನುವ ಕೂಗು. ಬೆಳಕಿನ ಚಿತ್ರ ಇಲ್ಲದಿದ್ದರೆ ಇದು ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಇನ್ನು ಎರಡನೆಯ ಪ್ರಶ್ನೆ. ತಲೆ ಕೊಯ್ಯಬೇಕಾ?

ಮಕ್ಕಳೇ, ಕರೆಂಟು ಹೋದಾಗ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದು ಆಟ ಆಡಿದ್ದೀರಿ ತಾನೇ? ಕೈ ಕೆಂಪಗೆ ಹೊಳೆಯುತ್ತದೆ. ಆದರೆ ಮೂಳೆ ಕಾಣುವುದಿಲ್ಲ. ಕೆಂಪು ಬೆಳಕು ಮಾಂಸವನ್ನು ದಾಟುತ್ತದೆ, ಆದರೆ ದಾಟುವಾಗ ದಿಕ್ಕು ತಪ್ಪಿ ಚೆಲ್ಲಾಪಿಲ್ಲಿಯಾಗುತ್ತದೆ. ಹಾಲಿನ ಲೋಟದ ಆಚೆ ಇಟ್ಟ ದೀಪದ ಹಾಗೆ: ಬೆಳಕಿದೆ ಎಂದು ತಿಳಿಯುತ್ತದೆ, ದೀಪ ಎಲ್ಲಿದೆ ಎಂದು ತಿಳಿಯುವುದಿಲ್ಲ. ತಲೆಬುರುಡೆಯೂ ಹಾಗೇ. ಅದಕ್ಕೇ ಸ್ಪಷ್ಟ ಚಿತ್ರ ಬೇಕೆಂದವರು ದಾರಿ ಮಾಡಿಕೊಳ್ಳಲೇಬೇಕಾಯಿತು. ನೊಣ, ಜೇನಿನ ತಲೆಯಲ್ಲಿ ಸೂಜಿಮೊನೆಯಷ್ಟು ಕಿಟಕಿ. ಇಲಿಗೆ ಅರಿವಳಿಕೆ ಕೊಟ್ಟು ಬುರುಡೆಯನ್ನು ಹಾಳೆಯಷ್ಟು ತೆಳ್ಳಗೆ ಉಜ್ಜುವುದು, ಇಲ್ಲವೇ ಸಣ್ಣ ಗಾಜಿನ ಕಿಟಕಿ ಕೂರಿಸುವುದು. ಪತ್ರಿಕೆಗಳಲ್ಲಿ ಗಾಯ ಮಾಡದೆ ಮೆದುಳು ನೋಡುವ ವಿಧಾನ ಎಂದು ಬರೆದಿರುತ್ತಾರೆ. ತಾತನ ಮುಂದೆ ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಬೆಳಕು ಗಾಯ ಮಾಡುವುದಿಲ್ಲ ನಿಜ. ಬೆಳಕಿಗೆ ದಾರಿ ಬಿಡುವಾಗ ಗಾಯ ಆಗುತ್ತದೆ. ನಮ್ಮಲ್ಲಿ ಇದಕ್ಕೆ ನೈತಿಕ ಸಮಿತಿಗಳಿವೆ, ಎಷ್ಟು ಪ್ರಾಣಿ, ಯಾಕೆ, ನೋವಿಗೆ ಏನು ಮದ್ದು ಎಂದು ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು. ಆದರೂ ಒಪ್ಪಿಗೆ ಪತ್ರ ಇದೆ ಅನ್ನುವುದು ತಾತನ ಪ್ರಶ್ನೆಗೆ ಪೂರ್ತಿ ಉತ್ತರ ಅಂತ ನನಗೆ ಅನ್ನಿಸುವುದಿಲ್ಲ. ಮೊದಲ ಸಲ ಇಲಿಯ ತಲೆಯ ಮೇಲಿನ ಗಾಜಿನ ಕಿಟಕಿಯ ಎದುರು ಲೇಸರ್ ಜೋಡಿಸಿದ ದಿನ ನಾನು ಮಧ್ಯಾಹ್ನದ ಊಟ ಮಾಡಲಿಲ್ಲ. ಈಗ ಮಾಡುತ್ತೇನೆ. ಅದನ್ನೂ ಹೇಳಬೇಕು.

ಗಾಯ ಕಡಿಮೆ ಮಾಡುವ ದಾರಿ ಬೆಳಕಿನಲ್ಲೇ ಇದೆ, ನನ್ನ ಕಸುಬಿನ ಸಂತೋಷ ಅದು. ಮರಿಯಾ ಗೋಪ್ಪರ್ಟ್ ಎಂಬ ಹೆಣ್ಣುಮಗಳು 1931ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿ, ಕಾಗದದ ಮೇಲೆ ಲೆಕ್ಕ ಹಾಕಿ ಒಂದು ಮಾತು ಹೇಳಿದ್ದರು: ಬೆಳಕಿನ ಎರಡು ಕಣಗಳು ಒಂದೇ ಕ್ಷಣದಲ್ಲಿ ಒಂದೇ ಅಣುವಿಗೆ ತಾಗಿದರೆ, ಎರಡೂ ಸೇರಿ ಒಂದು ದೊಡ್ಡ ಕಣದ ಕೆಲಸ ಮಾಡಬಲ್ಲವು. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಅನ್ನುತ್ತೇವಲ್ಲ, ಹಾಗೆ. ಲೇಸರ್ ಬಂದ ಮೇಲೆ, 1990ರಲ್ಲಿ ಡೆಂಕ್, ಸ್ಟ್ರಿಕ್ಲರ್, ವೆಬ್ ಎಂಬ ಮೂವರು ಇದನ್ನು ಸೂಕ್ಷ್ಮದರ್ಶಕಕ್ಕೆ ಅಳವಡಿಸಿದರು. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಒಳಗೆ ಆಳಕ್ಕೆ ಇಳಿಯುತ್ತದೆ, ದಾರಿಯಲ್ಲಿ ಯಾರನ್ನೂ ಎಬ್ಬಿಸುವುದಿಲ್ಲ. ಎಲ್ಲಿ ಬೆಳಕು ಕೇಂದ್ರೀಕರಿಸುತ್ತದೋ ಆ ಒಂದು ಚುಕ್ಕೆಯಲ್ಲಿ ಮಾತ್ರ ಚಪ್ಪಾಳೆ ಆಗುತ್ತದೆ, ಅಲ್ಲಿನ ಕೋಶ ಮಾತ್ರ ಹೊಳೆಯುತ್ತದೆ. ಮೆದುಳನ್ನು ಹೆಚ್ಚದೆ ಒಳಗಿನ ಪದರ ಕಂಡಿತು. ಆದರೂ ಆಳ ಒಂದು ಮಿಲಿಮೀಟರಿನ ಆಸುಪಾಸು. ಇಲಿಗೆ ಸಾಕು. ನಮಗೆ ಸಾಲದು.

ಬೆಂಗಳೂರಿನ ಅದೇ ಜೀವವಿಜ್ಞಾನ ಕೇಂದ್ರದಲ್ಲಿ ಉಪಿಂದರ್ ಭಲ್ಲಾ ಅವರ ಲ್ಯಾಬ್ ಇಲಿಗಳ ವಾಸನೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. 2006ರಲ್ಲಿ ಅವರು ಮತ್ತು ವಿದ್ಯಾರ್ಥಿಗಳು ಒಂದು ಸೊಗಸಾದ ವಿಷಯ ಪ್ರಕಟಿಸಿದರು. ಇಲಿಗೆ ಎಡದಿಂದ ವಾಸನೆ ಬಂದರೆ ಎಡಗಡೆಯ ನಳಿಕೆ ನೆಕ್ಕಿದರೆ ನೀರು, ಬಲದಿಂದ ಬಂದರೆ ಬಲಗಡೆ. ಒಂದೆರಡು ಸಲ ಮೂಸುವಷ್ಟರಲ್ಲೇ ಇಲಿ ದಿಕ್ಕು ಹೇಳಿಬಿಡುತ್ತಿತ್ತು. ಎರಡು ಕಿವಿಯಿಂದ ಸದ್ದಿನ ದಿಕ್ಕು ನಮಗೆ ತಿಳಿಯುವಂತೆ, ಎರಡು ಹೊಳ್ಳೆಯಿಂದ ಇಲಿಗೆ ವಾಸನೆಯ ದಿಕ್ಕು ತಿಳಿಯುತ್ತದೆ. ಒಂದು ಹೊಳ್ಳೆ ಮುಚ್ಚಿದರೆ ತಡವರಿಸುತ್ತದೆ. 2010ರಲ್ಲಿ ಇದೇ ಲ್ಯಾಬಿನ ಅಶೇಷ್ ಧವಳೆ, ಅಮೆರಿಕದಲ್ಲಿರುವ ವೆಂಕಟೇಶ್ ಮೂರ್ತಿ, ದಿನು ಅಲ್ಬಿಯಾನು ಮೊದಲಾದವರ ಜೊತೆ ಸೇರಿ, ಬೆಳಕಿನಿಂದ ನೋಡುವುದರ ಬದಲು ಬೆಳಕಿನಿಂದ ಮುಟ್ಟಿದರು. ಇಲಿಮರಿಯಂಥ ಸಣ್ಣ ಜಾತಿಯ ಇಲಿಯ ಘ್ರಾಣ ಗಡ್ಡೆಯಲ್ಲಿ ಒಂದೇ ಗಂಟಿನ ಮೇಲೆ ಬೆಳಕಿನ ಚುಕ್ಕಿ ಬಿಟ್ಟು, ಆ ಗಂಟಿನಿಂದ ಸುದ್ದಿ ಪಡೆಯುವ ಸೋದರ ಕೋಶಗಳು ಯಾವುವು ಎಂದು ಗುರುತಿಸಿದರು. ಒಂದೇ ಗಂಟಿನ ಸುದ್ದಿ ಕೇಳಿದರೂ ಆ ಸೋದರ ಕೋಶಗಳು ಮುಂದಕ್ಕೆ ಹೇಳುವ ಹೊತ್ತು ಬೇರೆ ಬೇರೆ, ಒಂದು ಉಸಿರು ಎಳೆಯುವಾಗ, ಇನ್ನೊಂದು ಬಿಡುವಾಗ. ಒಂದೇ ಪಾಠ ಕೇಳಿದ ಅಣ್ಣತಮ್ಮಂದಿರು ಮನೆಗೆ ಹೋಗಿ ಬೇರೆ ಬೇರೆ ಕಥೆ ಹೇಳುತ್ತಾರಲ್ಲ, ಹಾಗೆಂದುಕೊಳ್ಳಿ.

ತಲೆಯನ್ನು ಮುಟ್ಟದೆಯೇ ನೋಡುವ ಪ್ರಯತ್ನವೂ ಈಚೆಗೆ ಆಗಿದೆ, ಅದು ತಾತನಿಗೆ ಇಷ್ಟವಾಗಬಹುದು, ಯಾಕೆಂದರೆ ಅದು ನಾಯಿಯ ಮೇಲೆ. ಇಸ್ರೇಲಿನ ಬಾರ್ ಇಲಾನ್ ವಿಶ್ವವಿದ್ಯಾಲಯದವರು ನಾಯಿಯ ತಲೆಯ ಮೇಲೆ ದೂರದಿಂದ ಲೇಸರ್ ಬೆಳಕು ಬಿಟ್ಟು, ಬೆಳ್ಳುಳ್ಳಿ, ಮೆಂಥಾಲ್, ಆಲ್ಕೋಹಾಲ್, ಗಾಂಜಾ ಇವುಗಳ ವಾಸನೆ ತೋರಿಸಿ ಕ್ಯಾಮೆರಾದಲ್ಲಿ ಸೆರೆಹಿಡಿದರು. ಲೇಸರ್ ಬೆಳಕು ಗೋಡೆಗೆ ಬಿದ್ದಾಗ ರವೆ ಉದುರಿಸಿದ ಹಾಗೆ ಚುಕ್ಕಿ ಚುಕ್ಕಿ ಕಾಣುತ್ತದೆ. ಬೆಳಕು ಬಿದ್ದ ಮೈ ಸ್ವಲ್ಪ ಅಲುಗಿದರೂ ಆ ಚುಕ್ಕಿಗಳು ಕುಣಿಯುತ್ತವೆ. ಆ ಕುಣಿತದಿಂದ, ಕಂಪ್ಯೂಟರಿಗೆ ಕಲಿಸಿ, ನಾಯಿ ಮೂಸಿದ್ದು ಯಾವುದು ಎಂದು ಊಹಿಸುವುದು ಅವರ ಉಪಾಯ. ಗಾಯವಿಲ್ಲ, ನೋವಿಲ್ಲ, ನಾಯಿ ಬಾಲ ಅಲ್ಲಾಡಿಸುತ್ತ ಎದ್ದುಹೋಗಬಹುದು. ಆದರೆ ಇದು ಕೆಲವೇ ನಾಯಿಗಳ ಮೇಲೆ ಆದ ಕೆಲಸ. ನಾಯಿ ಉಸಿರಾಡಿದರೂ, ಕಿವಿ ನಿಮಿರಿಸಿದರೂ ಚುಕ್ಕಿ ಕುಣಿಯುತ್ತದೆ. ಕುಣಿದದ್ದು ಮೆದುಳೋ ಚರ್ಮವೋ ಎಂದು ಬೇರ್ಪಡಿಸುವುದು ಬಲು ಕಷ್ಟ ಎಂಬುದು ಲೇಸರ್ ಹಿಡಿದು ಕೆಲಸ ಮಾಡುವವನಾಗಿ ನನ್ನ ಅನುಮಾನ. ಆ ಚುಕ್ಕಿಗಳ ವಿಷಯದಲ್ಲಿ ಇನ್ನೊಂದು ಹೆಮ್ಮೆಯ ಮಾತು. ಲೇಸರ್ ಹುಟ್ಟಿದ್ದು 1960ರಲ್ಲಿ. ಅದಕ್ಕೂ ಮೊದಲೇ, 1943ರಲ್ಲಿ, ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯ ಜಿ. ಎನ್. ರಾಮಚಂದ್ರನ್ ಗಾಜಿನ ಮೇಲೆ ನುಣ್ಣನೆಯ ಪುಡಿ ಉದುರಿಸಿ ಇಂಥದೇ ಚುಕ್ಕಿಗಳ ಲೆಕ್ಕವನ್ನು ಬರೆದು ಪ್ರಕಟಿಸಿದ್ದರು.

ಇದೆಲ್ಲ ಯಾತಕ್ಕೆ ಎಂದು ಕೇಳುವವರಿಗೆ ನಿಮ್ಮ ತೆಂಗಿನ ತೋಟದಲ್ಲೇ ಉತ್ತರ ತೂಗುಹಾಕಿದೆ. ಕೆಂಪು ಮೂತಿ ಹುಳುವಿಗೆ ಬಕೆಟ್ ಬಲೆ ಕಟ್ಟುತ್ತೀರಲ್ಲ, ಅದರೊಳಗಿನ ಪುಟ್ಟ ಪೊಟ್ಟಣದಲ್ಲಿರುವುದು ಗಂಡು ಹುಳು ತನ್ನವರನ್ನು ಕರೆಯಲು ಬಿಡುವ ವಾಸನೆ. ಮಾವಿನ ತೋಟದಲ್ಲಿ ಹಣ್ಣುನೊಣಕ್ಕೆ ಇಡುವುದು ಮೀಥೈಲ್ ಯೂಜಿನಾಲ್, ಗಂಡು ನೊಣ ಅದಕ್ಕೆ ಮರುಳು. ವಿಷ ಸಿಂಪಡಿಸದೆ ಹುಳದ ಮೂಗಿಗೆ ಸುಳ್ಳು ಹೇಳುವ ವಿದ್ಯೆ ಇದು. ಇಂಥ ಇನ್ನಷ್ಟು ಸುಳ್ಳುಗಳನ್ನು ಹುಡುಕಬೇಕಾದರೆ ಹುಳದ ಮೆದುಳಿನಲ್ಲಿ ಯಾವ ಗಂಟು ಬೆಳಗುತ್ತದೆ ಎಂದು ತಿಳಿಯಬೇಕು.

ಆದರೆ ನಾನು ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ತೆಂಗೂ ಅಲ್ಲ, ನೊಣವೂ ಅಲ್ಲ. ನಮ್ಮವ್ವ.

2021ರಲ್ಲಿ ಎರಡನೇ ಅಲೆಯ ಸಮಯದಲ್ಲಿ ಅವ್ವನಿಗೆ ಜ್ವರ ಬಂತು. ವಾರದಲ್ಲಿ ವಾಸಿಯಾಯಿತು. ಆಮೇಲೆ ತಿಂಗಳುಗಟ್ಟಲೆ ಊಟ ಸೇರುತ್ತಿರಲಿಲ್ಲ, ಮಾತು ಕಡಿಮೆಯಾಯಿತು. ನಾವೆಲ್ಲ ಸುಸ್ತು ಅಂದುಕೊಂಡೆವು. ಒಂದು ದಿನ ಒಡೆದ ಹಾಲಿನಲ್ಲಿ ಕಾಫಿ ಮಾಡಿ ನನ್ನ ಕೈಗೆ ಕೊಟ್ಟರು. ಇನ್ನೊಂದು ದಿನ ಒಲೆ ಆರಿ ಗ್ಯಾಸ್ ಸೋರುತ್ತಿತ್ತು, ಅವ್ವ ಅಲ್ಲೇ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಹೆಂಡತಿ ಓಡಿಬಂದು ಆಫ್ ಮಾಡಿದಳು. ಬೆಣ್ಣೆ ಕಾಯಿಸುವಾಗ ಅಡುಗೆಮನೆಗೆ ಬರದೆ, ನಡುಮನೆಯಲ್ಲಿ ಕೂತೇ "ಇನ್ನೊಂದು ಚಣ ಬುಡು, ಇನ್ನೂ ಹದ ಬಂದಿಲ್ಲ" ಎಂದು ವಾಸನೆಯಿಂದಲೇ ಹೇಳುತ್ತಿದ್ದ ಹೆಂಗಸು. ಆಗಲೇ ನಮಗೆ ಗೊತ್ತಾಗಿದ್ದು, ಅವ್ವನಿಗೆ ವಾಸನೆ ಹೋಗಿದೆ ಎಂದು. ಆರು ತಿಂಗಳಿಂದ ಹೋಗಿತ್ತು. ಹೇಳಿಕೊಂಡಿರಲಿಲ್ಲ. "ಕಣ್ಣು ಹೋದ್ರೆ ಜನ ಅಯ್ಯೋ ಅಂತಾರೆ. ವಾಸ್ನೆ ಹೋತು ಅಂತ ಹೇಳಿದ್ರೆ ಯಾರಪ್ಪ ಕೇಳ್ತಾರೆ?" ಅಂದರು. ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದೆ. "ವಯಸ್ಸಾಯ್ತಲ್ಲ, ಬಿಡಿ" ಅಂದರು. ಇಲಿಗೆ ಯಾವ ಗಂಟು ಬೆಳಗುತ್ತದೆ ಎಂದು ಹಗಲೆಲ್ಲ ನೋಡುವ ನಾನು ಮನೆಯಲ್ಲಿ ಆರು ತಿಂಗಳು ಇದನ್ನು ಕಂಡಿರಲಿಲ್ಲ.

ಅವ್ವನ ಘ್ರಾಣ ಗಡ್ಡೆಯನ್ನು ಬೆಳಕಿನಲ್ಲಿ ನೋಡಲು ಆಗುತ್ತದೆಯೇ? ಆಗುವುದಿಲ್ಲ. ಮನುಷ್ಯರ ಹಣೆಗೆ ಅವಕೆಂಪು ಬೆಳಕು ಬಿಟ್ಟು ಮೆದುಳಿನ ಹೊರಪದರದ ರಕ್ತ ಅಳೆಯುವ ಪಟ್ಟಿಗಳಿವೆ, ಆಕ್ಸಿಮೀಟರಿನ ದೊಡ್ಡಣ್ಣ ಅನ್ನಬಹುದು. ಆದರೆ ನಮ್ಮ ಘ್ರಾಣ ಗಡ್ಡೆ ಮೆದುಳಿನ ಅಡಿಯಲ್ಲಿ, ಮೂಗಿನ ಮೇಲ್ಭಾಗದ ಮೂಳೆಯ ಹಿಂದೆ ಅಡಗಿದೆ. ಅಲ್ಲಿಗೆ ಬೆಳಕು ಹೋಗಿ ವಾಪಸು ಬರುವುದಿಲ್ಲ. ಪ್ರಾಣಿಗಳ ಮೇಲಿನ ಅಧ್ಯಯನದಿಂದ ನಮಗೆ ಸಿಕ್ಕ ಪ್ರಯೋಜನ ಬೇರೆ. ಮೂಗಿನ ವಾಸನೆಯ ಕೋಶಗಳು ಸತ್ತರೆ ಹೊಸದಾಗಿ ಹುಟ್ಟುತ್ತವೆ, ಹುಟ್ಟಿದ ಮೇಲೆ ತ‌ಮ್ಮ ಸಾಲನ್ನು ಹುಡುಕಿಕೊಂಡು ಹೋಗಿ ಸೇರಬೇಕು ಎಂಬುದು ಅದರಿಂದ ತಿಳಿದಿದೆ. ಕೊರೊನಾ ವೈರಸ್ ಮುಖ್ಯವಾಗಿ ಹಾಳು ಮಾಡುವುದು ವಾಸನೆಯ ನರಕೋಶವನ್ನಲ್ಲ, ಅದಕ್ಕೆ ಆಸರೆಯಾಗಿರುವ ಪಕ್ಕದ ಕೋಶಗಳನ್ನು ಎಂಬುದೂ ತಿಳಿದಿದೆ. ಹಾಗಾಗಿ ಆಸೆ ಇಟ್ಟುಕೊಳ್ಳಬಹುದು.

ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹಮ್ಮೆಲ್ ಎಂಬ ವೈದ್ಯರು 2009ರಲ್ಲಿ ಒಂದು ಸರಳ ಅಭ್ಯಾಸವನ್ನು ಪರೀಕ್ಷಿಸಿ ಬರೆದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕು ವಾಸನೆಗಳನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಗಮನವಿಟ್ಟು ಮೂಸುವುದು. 12 ವಾರ. ಎಲ್ಲರಿಗೂ ಅಲ್ಲದಿದ್ದರೂ ಹಲವರಿಗೆ ವಾಸನೆ ಸ್ವಲ್ಪ ಸ್ವಲ್ಪ ಮರಳಿತು. ನಾನು ನಾಲ್ಕು ಬಾಟಲಿ ಮಾಡಿಕೊಟ್ಟೆ. ಗುಲಾಬಿ ಎಣ್ಣೆ ಸಿಗಲಿಲ್ಲ, ಮದುವೆಮನೆಯ ಪನ್ನೀರು ಹಾಕಿದೆ. ಅವ್ವ ದೇವರ ಮುಂದೆ ಕೂತ ಹಾಗೆ ಕೂತು ಮೂಸುತ್ತಿದ್ದರು. ಎರಡು ತಿಂಗಳು ಏನೂ ಇಲ್ಲ. ಮೂರನೇ ತಿಂಗಳು ಒಂದು ಬೆಳಗ್ಗೆ ಲವಂಗದ ಬಾಟಲಿ ಹಿಡಿದು "ಇದು ಹಲ್ಲಿನ ಡಾಕ್ಟ್ರ ಮನೆ ವಾಸ್ನೆ ಕಣೋ" ಅಂದರು. ಈಗ ಲವಂಗ ತಿಳಿಯುತ್ತದೆ, ಬೆಳ್ಳುಳ್ಳಿ ಒಗ್ಗರಣೆ ತಿಳಿಯುತ್ತದೆ. ಗ್ಯಾಸ್ ವಾಸನೆ ಅರ್ಧಂಬರ್ಧ. ಹೋದ ವರ್ಷ ಮೊದಲ ಮಳೆ ಬಂದಾಗ ಅಂಗಳಕ್ಕೆ ಹೋಗಿ ನಿಂತಿದ್ದರು. ಒಳಗೆ ಬಂದು ಸುಮ್ಮನೆ ತಲೆ ಒರೆಸಿಕೊಂಡರು. ನಾನು ಕೇಳಲಿಲ್ಲ.

ನಮ್ಮ ಶಾಲೆಗೆ ಕಣ್ಣಿನ ತಪಾಸಣೆಗೆ ಬರುತ್ತಾರೆ, ಕಿವಿ, ಹಲ್ಲು ನೋಡುತ್ತಾರೆ. ಮೂಗನ್ನು ಯಾರೂ ನೋಡುವುದಿಲ್ಲ. ವಾಸನೆ ಹೋಗುವುದು ಕೆಲವೊಮ್ಮೆ ಕೈನಡುಕದ ಪಾರ್ಕಿನ್ಸನ್ ಕಾಯಿಲೆಗೆ ವರ್ಷಗಳ ಮೊದಲೇ ಬರುವ ಸೂಚನೆ. ವಾಸನೆ ಹೋದವರೆಲ್ಲ ಹೆದರಬೇಕಾಗಿಲ್ಲ, ನೆಗಡಿಗೂ ಹೋಗುತ್ತದೆ. ಹೋಗಿದ್ದು ತಿಂಗಳಾದರೂ ಬರದಿದ್ದರೆ ಹೇಳಿಕೊಳ್ಳಬೇಕು, ಮನೆಯವರು ಕೇಳಬೇಕು.

ಇಲ್ಲಿನ ವಿಜ್ಞಾನದ ಮೇಷ್ಟ್ರು ನಮ್ಮ ಜಿಲ್ಲೆಯದೇ ಆದ ಚಳ್ಳಕೆರೆ ಬಳಿಯ ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ತರಬೇತಿ ಪಡೆದು ಬಂದವರು. ಅವರ ಜೊತೆ ಸೇರಿ ಒಂದು ಸಣ್ಣ ಏರ್ಪಾಡು ಮಾಡಿದ್ದೇನೆ. ಈ ಕಾರ್ಯಕ್ರಮ ಮುಗಿದ ಮೇಲೆ ಎಂಟನೇ ತರಗತಿಯ ಕೋಣೆಗೆ ಬನ್ನಿ. ಅಲ್ಲಿ ಒಂದು ಮೇಜಿನ ಮೇಲೆ ಲೇಸರ್ ಇದೆ, ಗೋಡೆಯ ಮೇಲೆ ಚುಕ್ಕಿಗಳು ಕಾಣುತ್ತವೆ. ಮಕ್ಕಳೇ, ಗೋಡೆಯನ್ನು ನೋಡಿ, ಲೇಸರಿನೊಳಗೆ ಕಣ್ಣಿಟ್ಟು ನೋಡಬೇಡಿ. ಇನ್ನೊಂದು ಮೇಜಿನ ಮೇಲೆ ಎಂಟು ಡಬ್ಬಿಗಳಿವೆ: ಕಾಫಿಪುಡಿ, ಇಂಗು, ಲವಂಗ, ಮಲ್ಲಿಗೆ, ಸೀಮೆಎಣ್ಣೆ, ಹೀಗೆ. ಕಣ್ಣು ಮುಚ್ಚಿ ಮೂಸಿ ಹೆಸರು ಹೇಳಿ, ಹತ್ತನೇ ತರಗತಿಯ ಹುಡುಗಿಯರು ಬರೆದುಕೊಳ್ಳುತ್ತಾರೆ. ಅರವತ್ತು ದಾಟಿದವರು ಮೊದಲು ಬನ್ನಿ. ತಾತ, ನೀವು ಆ ಹಿಂದಿನ ಕುರ್ಚಿಯಿಂದ ಎದ್ದು ಬರಬೇಕು. ನಮ್ಮವ್ವನೂ ಅಲ್ಲೇ ಕೂತಿದ್ದಾರೆ, ಡಬ್ಬಿ ಎತ್ತಿಕೊಡುವ ಕೆಲಸ ಅವರದು.